ಲೋಹದ ಪೊರೆಯ ಮೇಲೆ ತಾನೇ ಮೂಡುವ ಗೆರೆ

1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಜಗತ್ತಿನ ಮೊದಲ ಲೇಸರ್ ಬೆಳಕನ್ನು ಹೊಮ್ಮಿಸಿದರು. ಐದು ವರ್ಷ ಕಳೆದ ಮೇಲೆ ಮಿಲ್ಟನ್ ಬಿರ್ನ್‌ಬಾಮ್ ಎಂಬ ವಿಜ್ಞಾನಿ ಮಾಣಿಕ್ಯದ ಲೇಸರನ್ನೇ ಅರೆವಾಹಕಗಳ ನುಣುಪು ಮೈಮೇಲೆ ಹಾಯಿಸಿದರು. ಸುಟ್ಟ ಜಾಗದಲ್ಲಿ ಒತ್ತೊತ್ತಾಗಿ ಸಮಾನಾಂತರ ಗೆರೆಗಳು ಮೂಡಿದ್ದವು. ಅವನ್ನು ಯಾರೂ ಕೆತ್ತಿರಲಿಲ್ಲ. ಲೇಸರ್ ತಾಗಿ ಆದ ಹಾನಿ ಎಂದೇ ಬಿರ್ನ್‌ಬಾಮ್ ಅದನ್ನು ವರದಿ ಮಾಡಿದರು.

ಗೆರೆ ತಾನಾಗಿ ಮೂಡಲು ಕಾರಣವಿದೆ: ಎಷ್ಟೇ ಉಜ್ಜಿದರೂ ಯಾವ ಮೈಯೂ ಪೂರ್ತಿ ಸಮತಟ್ಟಲ್ಲ. ಸಣ್ಣದೊಂದು ಉಬ್ಬಿಗೆ ತಾಗಿದ ಬೆಳಕು ಚದುರಿ, ಮೈಗುಂಟ ಸರಿದು, ಮೇಲಿಂದ ಬೀಳುತ್ತಿರುವ ಬೆಳಕಿನೊಡನೆ ಕೂಡುತ್ತದೆ. ಎರಡೂ ಸೇರಿ ಒಂದೆಡೆ ಪ್ರಖರ, ಪಕ್ಕದಲ್ಲಿ ಮಂದ, ಹೀಗೆ ಪಟ್ಟಿಗಳಾಗುತ್ತವೆ. ಪ್ರಖರ ಪಟ್ಟಿ ಬಿದ್ದಲ್ಲಿ ವಸ್ತು ಹೆಚ್ಚು ಕಾದು, ಪಟ್ಟಿಗಳ ಸಾಲೇ ಗೆರೆಗಳ ಸಾಲಾಗಿ ಮೂಡುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದ ಜಾನ್ ಸೈಪ್ ಮತ್ತು ಸಂಗಡಿಗರು 1983ರಲ್ಲಿ ಇದಕ್ಕೊಂದು ಗಟ್ಟಿ ಗಣಿತ ಕಟ್ಟಿಕೊಟ್ಟರು.

ಆದರೂ ಗೆರೆಗಳು ಬಹುದೂರ ನೆಟ್ಟಗೆ ಸಾಗುತ್ತಿರಲಿಲ್ಲ. ಒಂದೊಂದು ಉಬ್ಬೂ ತನ್ನದೇ ಸಾಲನ್ನು ಶುರುಮಾಡುತ್ತಿತ್ತು. ಎರಡು ಸಾಲು ಎದುರಾದಲ್ಲಿ ಗೆರೆ ತುಂಡಾಗುತ್ತಿತ್ತು, ಇಲ್ಲವೇ ಕವಲೊಡೆಯುತ್ತಿತ್ತು.

ಆ ತೊಡಕು ಬಿಡಿಸಿದ್ದು ಟರ್ಕಿಯ ಅಂಕಾರದಲ್ಲಿ. ಬಿಲ್ಕೆಂಟ್ ವಿಶ್ವವಿದ್ಯಾಲಯದ ಓಮರ್ ಇಲ್ದಾಯ್ ತಂಡ ಟೈಟಾನಿಯಂನ ತೆಳು ಪೊರೆಯ ಮೇಲೆ ಫೆಮ್ಟೊಸೆಕೆಂಡ್ ಲೇಸರ್ ಹಾಯಿಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿತು. ಸೆಕೆಂಡನ್ನು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಫೆಮ್ಟೊಸೆಕೆಂಡ್.

ಈ ಕೆಲಸದಲ್ಲಿ ನನ್ನನ್ನು ತುಂಬ ಸೆಳೆದದ್ದು ಗಾಳಿಯಲ್ಲಿನ ಆಮ್ಲಜನಕದ ಪಾತ್ರ. ಬೆಳಕು ಪ್ರಖರವಾದಲ್ಲಿ ಟೈಟಾನಿಯಂ ಆಮ್ಲಜನಕದೊಡನೆ ಸೇರಿ ಆಕ್ಸೈಡ್ ಆಗುತ್ತದೆ, ಉಬ್ಬಿ ಏಣಾಗುತ್ತದೆ. ಏಣು ಎದ್ದಷ್ಟೂ ಬೆಳಕು ಹೆಚ್ಚು ಚದುರಿ ಪಕ್ಕದ ಏಣಿಗೆ ಜಾಗ ಗೊತ್ತುಮಾಡುತ್ತದೆ. ಹಾಗೆಂದು ಅದು ಮಿತಿಮೀರಿ ಬೆಳೆಯಲಾರದು. ಆಕ್ಸೈಡ್ ದಪ್ಪವಾದಂತೆ ಅದರೊಳಗೆ ಆಮ್ಲಜನಕ ಇಳಿಯುವುದು ಕಷ್ಟವಾಗಿ ಬೆಳವಣಿಗೆ ತಾನೇ ನಿಲ್ಲುತ್ತದೆ. ಬೆಳೆಸುವ ಗುಣವೂ ತಡೆಯುವ ಗುಣವೂ ಒಂದೇ ವಸ್ತುವಿನಲ್ಲಿ ಕೂಡಿದ್ದರಿಂದ ಏಣುಗಳು ಒಂದೇ ಅಳತೆಯಲ್ಲಿ ಬಂದವು. ನೇಯ್ಗೆಯಲ್ಲಿ ಹಿಂದಿನ ಎಳೆಗೆ ಒತ್ತಿ ಮುಂದಿನದು ಕೂರುವಂತೆ, ಲೇಸರ್ ಮುಂದೆ ಸರಿದಾಗ ಆಗಲೇ ಮೂಡಿದ ಸಾಲೇ ಹೊಸ ಸಾಲನ್ನು ತಿದ್ದುತ್ತದೆ.

ಗೆರೆಯಿಂದ ಗೆರೆಗೆ ಇರುವ ಅಂತರ ಒಂದು ಮೈಕ್ರೊಮೀಟರಿಗೂ ಕಡಿಮೆ. ಈ ವಿಧಾನಕ್ಕೆ ಅಚ್ಚು ಬೇಡ. ಮೈ ಬಾಗಿದ್ದರೂ ಒರಟಾಗಿದ್ದರೂ ಕೆಲಸ ನಡೆಯುತ್ತದೆ. ಲೇಸರ್ ಎಲ್ಲಿಯವರೆಗೆ ಸಾಗುತ್ತದೋ ಅಲ್ಲಿಯವರೆಗೂ ವಿನ್ಯಾಸ ಹಬ್ಬುತ್ತದೆ. ಬೆಳಕಿನ ಅಲೆ ಕಂಪಿಸುವ ದಿಕ್ಕನ್ನು, ಅಂದರೆ ಧ್ರುವೀಕರಣವನ್ನು, ತಿರುಗಿಸಿದರೆ ಗೆರೆಗಳ ದಿಕ್ಕೂ ಬದಲಾಗುತ್ತದೆ.