ಧೂಳಿಗೂ ಬಿಸಿಲಿಗೂ ಅಂಜದ ಗಣಕ

ಗಣಕಯಂತ್ರ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮೇಜಿನ ಮೇಲಿನ ಪರದೆ ಮತ್ತು ಅಕ್ಷರದ ಗುಂಡಿಗಳು. ಮಕ್ಕಳು ಅದರ ಮುಂದೆ ಕುಳಿತರೆ ಊಟಕ್ಕೂ ಏಳುವುದಿಲ್ಲವೆಂಬುದು ನಮ್ಮ ತಾಯಂದಿರ ನಿತ್ಯದ ದೂರು. ಆದರೆ ಯಾರ ಕಣ್ಣಿಗೂ ಬೀಳದೆ, ಇನ್ನೊಂದು ಯಂತ್ರದ ಹೊಟ್ಟೆಯೊಳಗೆ ಹುದುಗಿ, ಹಗಲಿರುಳು ಒಂದೇ ಕೆಲಸವನ್ನು ಮಾಡುವ ಬೇರೊಂದು ಜಾತಿಯ ಗಣಕವಿದೆ. ಇಂಜಿನಿಯರರು ಅದನ್ನು ಎಂಬೆಡೆಡ್ ಕಂಪ್ಯೂಟರ್ ಎನ್ನುತ್ತಾರೆ.

ಮಂಜಲ್‌ಪುರದಲ್ಲಿರುವ ನಮಗೆ ಇದು ದೂರದ ಸಂಗತಿಯೇನಲ್ಲ. ಪಕ್ಕದಲ್ಲೇ ಮಕರಪುರದ ಕೈಗಾರಿಕಾ ವಸಾಹತು. ನಗರದ ಇನ್ನೊಂದು ದಿಕ್ಕಿಗೆ 1965ರಲ್ಲಿ ಕೆಲಸ ಆರಂಭಿಸಿದ ಕೊಯಲಿಯ ತೈಲ ಶುದ್ಧೀಕರಣ ಕಾರ್ಖಾನೆ. ಇಂಥ ಕಡೆಗಳಲ್ಲಿ ಒತ್ತಡವನ್ನು ಅಳೆಯುವುದು, ಕವಾಟವನ್ನು ತೆರೆಯುವುದು, ಕಾವು ಮಿತಿಮೀರಿದರೆ ಯಂತ್ರವನ್ನು ನಿಲ್ಲಿಸುವುದು, ಇವೆಲ್ಲ ಈಗ ಗಣಕದ ಪಾಲಿನ ಕೆಲಸ. ಮನೆಯ ಗಣಕವನ್ನು ಒಯ್ದು ಅಲ್ಲಿ ಇಟ್ಟರೆ ಅದು ಹೆಚ್ಚು ದಿನ ಬಾಳಲಾರದು. ವೈಶಾಖದಲ್ಲಿ ವಡೋದರದ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ಕಾವು ಅದಕ್ಕಿಂತಲೂ ಹೆಚ್ಚು. ಜೊತೆಗೆ ಧೂಳು, ರಾಸಾಯನಿಕಗಳ ಆವಿ, ಮೋಟಾರುಗಳ ನಡುಕ.

ಆದುದರಿಂದ ಕಾರ್ಖಾನೆಯ ಗಣಕವನ್ನು ಕಟ್ಟುವ ರೀತಿಯೇ ಬೇರೆ. ಅನೇಕವಕ್ಕೆ ಫ್ಯಾನು ಇರುವುದಿಲ್ಲ. ಫ್ಯಾನು ಗಾಳಿಯೊಡನೆ ಧೂಳನ್ನೂ ಎಳೆದುಕೊಳ್ಳುತ್ತದೆಯಲ್ಲವೆ? ಪೆಟ್ಟಿಗೆಯ ಲೋಹದ ಮೈಯೇ ಕಾವನ್ನು ಹೊರಗೆ ಬಿಡುತ್ತದೆ. ತಿರುಗುವ ತಟ್ಟೆಯ ಬದಲು ಅಲುಗಾಡದ ಸ್ಮರಣೆಯ ಬಿಲ್ಲೆ. ತೇವ ತಗಲದಂತೆ ಒಳಗಿನ ಹಲಗೆಗೆ ತೆಳುವಾದ ಲೇಪ. ಇವುಗಳಲ್ಲಿ ನಮಗೆ ಬಹಳ ಸೊಗಸೆನಿಸುವುದು ‘ವಾಚ್‌ಡಾಗ್’ ಎಂಬ ಕಾವಲು ಗಡಿಯಾರ. ‘ನಾನು ಎಚ್ಚರವಾಗಿದ್ದೇನೆ’ ಎಂದು ಗಣಕವು ಅದಕ್ಕೆ ಆಗಾಗ ತಿಳಿಸುತ್ತಿರಬೇಕು. ಗೊತ್ತಾದ ಹೊತ್ತಿನೊಳಗೆ ಸುದ್ದಿ ಬರದಿದ್ದರೆ ಗಡಿಯಾರವು ಯಾರನ್ನೂ ಕೇಳದೆ ಗಣಕವನ್ನು ಮತ್ತೆ ಮೊದಲಿನಿಂದ ಚಾಲೂ ಮಾಡಿಬಿಡುತ್ತದೆ!

ಕಾರ್ಖಾನೆಯ ಮೆಟ್ಟಿಲು ಹತ್ತದವರೂ ಇಂಥ ಗಟ್ಟಿಮುಟ್ಟಾದ ಗಣಕವೊಂದನ್ನು ಕೈಯಾರೆ ಮುಟ್ಟಿದ್ದಾರೆ. ಅದೇ ಮತಯಂತ್ರ. ಅದನ್ನು ತಯಾರಿಸುವ ಎರಡು ಸರ್ಕಾರಿ ಕಾರ್ಖಾನೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಇನ್ನೊಂದು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಸೈನ್ಯದ ಉಪಕರಣಗಳಿಗಾಗಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾಯಿತು. ಅಲ್ಲಿ ಮತಯಂತ್ರದ ಕೆಲಸದ ಉಸ್ತುವಾರಿ ವಹಿಸಿದ್ದವರು ಎಸ್. ರಂಗರಾಜನ್. ‘ಸುಜಾತ’ ಎಂಬ ಹೆಸರಿನಿಂದ ತಮಿಳಿನಲ್ಲಿ ಕಥೆ ಕಾದಂಬರಿ ಬರೆದು ಮನೆಮಾತಾದವರೂ ಅವರೇ.

ಹಳ್ಳಿಯ ಶಾಲೆಯಲ್ಲಿ ವಿದ್ಯುತ್ತು ಇರಲಿ ಬಿಡಲಿ, ಮತಯಂತ್ರ ನಡೆಯಬೇಕು. ಅದಕ್ಕೆಂದೇ ಅದು ತನ್ನದೇ ಬ್ಯಾಟರಿಯಿಂದ ನಡೆಯುತ್ತದೆ. ಅಧಿಕಾರಿಯ ಮೇಜಿನ ಮೇಲೆ ಒಂದು ಭಾಗ, ಮರೆಯೊಳಗೆ ಮತದಾರನ ಮುಂದೆ ಇನ್ನೊಂದು ಭಾಗ. ನಡುವೆ 5 ಮೀಟರು ಉದ್ದದ ತಂತಿ. ಹೊರಗಿನ ಯಾವ ಜಾಲಕ್ಕೂ ಅದನ್ನು ಜೋಡಿಸುವುದಿಲ್ಲ.

ಯಂತ್ರ ಗಟ್ಟಿಯಾಗಿದ್ದರೆ ಸಾಕೇ? ಸಾಲದೆಂಬುದಕ್ಕೆ ಅದರ ಚರಿತ್ರೆಯೇ ಸಾಕ್ಷಿ. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದನ್ನು ಮೊದಲ ಬಾರಿಗೆ ಬಳಸಿದರು. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, ಆ 50 ಮತಗಟ್ಟೆಗಳಲ್ಲಿ ಮತ್ತೆ ಮತದಾನ ನಡೆಸಬೇಕಾಯಿತು. 1988ರ ಕೊನೆಯಲ್ಲಿ ಕಾನೂನು ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆ ಇಡೀ ದೇಶದಲ್ಲಿ ಯಂತ್ರದಿಂದಲೇ ನಡೆಯಿತು. ‘ಒತ್ತಿದ ಮತ ಸರಿಯಾದ ಕಡೆಗೆ ಹೋಯಿತೆಂದು ನಾವು ಹೇಗೆ ನಂಬಬೇಕು?’ ಎಂಬ ಪ್ರಶ್ನೆ ಆಮೇಲೂ ಉಳಿಯಿತು. ಕಾಗದದ ಸಾಕ್ಷಿ ಅಗತ್ಯವೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈಗ ಚೀಟಿಯೊಂದು ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿಕೊಂಡು ಪೆಟ್ಟಿಗೆಗೆ ಬೀಳುತ್ತದೆ. 2017ರಲ್ಲಿ ಗುಜರಾತಿನ 182 ವಿಧಾನಸಭಾ ಕ್ಷೇತ್ರಗಳಲ್ಲೂ ಈ ಏರ್ಪಾಡು ಇದ್ದಿತು. ಕೇಳುವವರು ಕೇಳಿದುದರಿಂದಲೇ ಯಂತ್ರ ಸುಧಾರಿಸಿತು ಎಂಬುದನ್ನು ನಾವು ಮರೆಯಬಾರದು.

ಇಷ್ಟೆಲ್ಲ ಸಮರ್ಥವಾದ ಯಂತ್ರಕ್ಕೂ ನಮ್ಮಂಥ ವಲಸಿಗರ ಮಟ್ಟಿಗೆ ಒಂದು ಕೊರತೆಯಿದೆ. ಅದು ತನ್ನ ಕ್ಷೇತ್ರವೊಂದನ್ನು ಬಿಟ್ಟು ಬೇರೆಯದನ್ನು ಅರಿಯದು. 2024ರ ಮೇ 7ರಂದು ವಡೋದರ, ಅಹಮದಾಬಾದುಗಳಲ್ಲಿ ಲೋಕಸಭೆಗೆ ಮತದಾನವಾಯಿತು. ಸೂರತ್ತಿನಲ್ಲಿ ಅವಿರೋಧ ಆಯ್ಕೆಯಾದುದರಿಂದ ಮತದಾನ ನಡೆಯಲಿಲ್ಲ. ಧಾರವಾಡ, ಬೆಳಗಾವಿ, ಹಾವೇರಿಗಳಲ್ಲೂ ಮತದಾನ ಅದೇ ದಿನ. ಹೆಸರು ಊರಿನ ಪಟ್ಟಿಯಲ್ಲಿ, ಬಾಳ್ವೆ ಮಂಜಲ್‌ಪುರದಲ್ಲಿ ಎಂದಾದರೆ ಮತ ಎಲ್ಲಿಯೂ ಇಲ್ಲ! ಒಂದೇ ಕಡೆ ಕುಳಿತು 72 ಕ್ಷೇತ್ರಗಳ ಮತವನ್ನು ಪಡೆಯಬಲ್ಲ ದೂರಮತಯಂತ್ರದ ಮಾದರಿಯೊಂದನ್ನು ಚುನಾವಣಾ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿತ್ತು. ಮುಂದಿನ ತಿಂಗಳು ಪಕ್ಷಗಳ ಮುಂದಿಟ್ಟಾಗ ಅನೇಕ ಪಕ್ಷಗಳು ಆಕ್ಷೇಪಣೆ ಎತ್ತಿದುವು. 2024ರ ಚುನಾವಣೆಯಲ್ಲಿ ಅದು ಬಳಕೆಗೆ ಬರಲಿಲ್ಲ.

ಊರಿನ ಪಟ್ಟಿಯಿಂದ ಹೆಸರು ತೆಗೆಸುವುದೆಂದರೆ ಹಿರಿಯರಿಗೆ ಮನಸ್ಸು ಒಡಂಬಡದು. ತವರಿನ ಕೊನೆಯ ಎಳೆಯನ್ನೇ ಕಡಿದಂತೆ ಅವರಿಗೆ ತೋರುತ್ತದೆ. ಅವರ ನೋವು ನಮಗೂ ತಿಳಿಯದ್ದಲ್ಲ. ಆದರೆ ನಮ್ಮ ಬೀದಿಯ ನೀರು, ಮಕ್ಕಳ ಶಾಲೆ, ಕಾರ್ಖಾನೆಯ ಹೊಗೆ ಇವುಗಳ ಮಾತು ತೀರ್ಮಾನವಾಗುವುದು ಇಲ್ಲಿ. ಕನ್ನಡವನ್ನು ಮನೆಯಲ್ಲಿ ಉಳಿಸಿಕೊಳ್ಳೋಣ, ಹಬ್ಬಕ್ಕೆ ಊರಿಗೆ ಹೋಗೋಣ. ಮತವನ್ನು ಮಾತ್ರ ಬಾಳುವ ಊರಿಗೆ ತರೋಣ. ಮನೆ ಬದಲಿಸಿದವರಿಗೆ ನಮೂನೆ 8, ಹದಿನೆಂಟು ತುಂಬಿದ ಮಕ್ಕಳಿಗೆ ನಮೂನೆ 6 ಇವೆ. ಅರ್ಧ ಗಂಟೆಯ ಕೆಲಸ. ಬೆಂಗಳೂರಿನ ಜಾಣರು ಧೂಳಿಗೂ ಬಿಸಿಲಿಗೂ ಅಂಜದ ಯಂತ್ರವನ್ನು ಕಟ್ಟಿಕೊಟ್ಟಿದ್ದಾರೆ. ಗುಂಡಿ ಒತ್ತುವ ಬೆರಳನ್ನು ನಾವೇ ಒದಗಿಸಬೇಕು.