ಅಟ್ಟದ ಕ್ಯಾಸೆಟ್ಟಿಗೆ ಮನೆಯಲ್ಲೇ ಒಂದು ಬಾನುಲಿ

ಬೆಂಗಳೂರಿನ ಎನ್.ಆರ್. ಕಾಲೋನಿಯ ಹಳೆಯ ಮನೆಗಳಲ್ಲಿ ಅಟ್ಟ ಹತ್ತಿದರೆ, ದಸರಾ ಬೊಂಬೆಗಳ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಸಿಗುವುದುಂಟು. ಅದರ ತುಂಬ ಕ್ಯಾಸೆಟ್‌ಗಳು. ಕೆಲವು ಅಂಗಡಿಯಲ್ಲಿ ಕೊಂಡವು. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ದಂತಹ ಭಾವಗೀತೆಗಳ ಧ್ವನಿಸುರುಳಿಗಳು. ಕೆಲವು ಆಕಾಶವಾಣಿಯ ಸಂಗೀತವನ್ನು ಮನೆಯಲ್ಲೇ ಹಿಡಿದಿಟ್ಟವು. ಇನ್ನು ಕೆಲವು, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕೂತವರ ಸಂಪಾದನೆ. ಶ್ರೀ ರಾಮಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೆದು ಬಂದಿದೆ. ಅಲ್ಲಿಯ ಒಂದೊಂದು ಬೇಸಗೆಯೂ ಹೀಗೆ ಎಷ್ಟೋ ಮನೆಗಳ ಅಟ್ಟ ಸೇರಿದೆ. ಪೆಟ್ಟಿಗೆಯ ತಳದಲ್ಲಿ, ಯಾವುದೋ ಮದುವೆಯಲ್ಲಿ ಅಜ್ಜಿ ಹೇಳಿದ ಹಸೆಹಾಡೂ ಇದ್ದೀತು.

ಈ ಪೆಟ್ಟಿಗೆಗೆ ಈಗ ಆಯುಷ್ಯ ಕಡಿಮೆ. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದಾಗ ಅದು ಅರ್ಧ ಶತಮಾನ ಬಾಳಬೇಕೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ಟೇಪಿಗೆ ಬೂಷ್ಟು ಹಿಡಿಯುತ್ತದೆ, ಪ್ಲೇಯರಿನ ರಬ್ಬರ್ ಬೆಲ್ಟ್ ಕರಗಿ ಅಂಟಾಗುತ್ತದೆ, ರಿಪೇರಿ ಮಾಡುವ ಅಂಗಡಿಯೇ ಮುಚ್ಚಿರುತ್ತದೆ. ಅಂಗಡಿಯಲ್ಲಿ ಕೊಂಡ ಹಾಡು ಇಂಟರ್‌ನೆಟ್ಟಿನಲ್ಲಿ ಸಿಕ್ಕೀತು. ಅಜ್ಜಿಯ ಹಸೆಹಾಡು ಎಲ್ಲಿ ಸಿಗಬೇಕು?

ಇದಕ್ಕೊಂದು ದಾರಿಯಿದೆ. ಕ್ಯಾಸೆಟ್ಟಿನ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿ, ಆ ಕಂಪ್ಯೂಟರಿನಿಂದಲೇ ಮನೆಮಂದಿಗೆಲ್ಲ ಬೇಕಾದಾಗ ಕೇಳಿಸುವ ವ್ಯವಸ್ಥೆ ಮಾಡಿಕೊಳ್ಳುವುದು. ಇದನ್ನೇ ಮನೆಯ ಮ್ಯೂಸಿಕ್ ಸರ್ವರ್ ಎನ್ನುತ್ತಾರೆ. ಹೆಸರು ಹೊಸದಾದರೂ ಮನೆಯಿಂದಲೇ ಸಂಗೀತ ಹರಿಸುವ ಆಸೆ ಕನ್ನಡಿಗರಿಗೆ ಹೊಸದಲ್ಲ.

ಒಂಟಿಕೊಪ್ಪಲಿನ ಮನೆ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ತೆರೆದರು. ಅವರ ಪ್ರೇಷಕದ ಶಕ್ತಿ 30 ವ್ಯಾಟ್. ಸಾಮಾನ್ಯ ಬಲ್ಬೊಂದರಷ್ಟು ವಿದ್ಯುತ್ತಿನಿಂದ ಮೈಸೂರಿನ ಮನೆಗಳಿಗೆ ಸಂಗೀತ, ಭಾಷಣ ಹರಿದವು. ಆ ಕೇಂದ್ರದ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಮೈಸೂರಿನ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಬಂತು.

ಗೋಪಾಲಸ್ವಾಮಿಯವರ ಬಾನುಲಿಗೂ ಇಂದಿನ ಮನೆಯ ಸರ್ವರಿಗೂ ಮುಖ್ಯ ವ್ಯತ್ಯಾಸವೊಂದಿದೆ. ಬಾನುಲಿಯಲ್ಲಿ ಕೇಂದ್ರ ಕಳಿಸಿದ್ದನ್ನು ಎಲ್ಲರೂ ಒಂದೇ ಹೊತ್ತಿಗೆ ಕೇಳಬೇಕು. ಸರ್ವರಿನಲ್ಲಾದರೋ ಅಡುಗೆಮನೆಯಲ್ಲಿ ತಾಯಿ ದೇವರನಾಮ ಕೇಳುತ್ತಿರುವಾಗಲೇ ಮಹಡಿಯಲ್ಲಿ ಮಗ ವೀಣೆ ಕೇಳಬಹುದು. ಬಾನುಲಿಯಂತೆಯೇ ಎಲ್ಲರಿಗೂ ಒಂದೇ ಧಾರೆ ಹರಿಸುವ ‘ಐಸ್‌ಕಾಸ್ಟ್’ ಎಂಬ ತಂತ್ರಾಂಶವೂ ಇದೆ. ಅವರವರ ಆಯ್ಕೆ ಅವರವರಿಗೆ ಬೇಕೆಂದರೆ ‘ನ್ಯಾವಿಡ್ರೋಮ್’, ‘ಜೆಲ್ಲಿಫಿನ್’ ಮೊದಲಾದವು ಇವೆ. ಈ ಮೂರೂ ಹಣ ಕೊಡದೆ ಸಿಗುವಂಥವು.

ಸಂಪು, ಪೈಪು, ನಲ್ಲಿ

ಸರ್ವರ್ ಎಂದರೆ ದೊಡ್ಡ ಯಂತ್ರವೇನಲ್ಲ. ಮೂಲೆಗೆ ಸರಿಸಿದ ಹಳೆಯ ಕಂಪ್ಯೂಟರ್ ಸಾಕು. ಮನೆಯ ನೀರಿನ ಏರ್ಪಾಡಿಗೆ ಹೋಲಿಸಿದರೆ ಕೆಲಸ ಸುಲಭವಾಗಿ ತಿಳಿಯುತ್ತದೆ. ಹಾಡುಗಳಿರುವ ಕಂಪ್ಯೂಟರ್ ಸಂಪು. ವೈಫೈ ರೂಟರ್ ಪೈಪು. ಮನೆಯವರ ಮೊಬೈಲುಗಳು ನಲ್ಲಿಗಳು. ನಲ್ಲಿ ತಿರುಗಿಸಿದಾಗ ಇಡೀ ಸಂಪು ಖಾಲಿಯಾಗಿ ಬರುವುದಿಲ್ಲ, ಬೇಕಾದಷ್ಟೇ ಹರಿಯುತ್ತದೆ. ಹಾಡೂ ಹಾಗೆಯೇ ಚೂರುಚೂರಾಗಿ ಬರುತ್ತದೆ. ಮೊದಲ ಚೂರುಗಳು ಬಂದೊಡನೆ ಕೇಳಿಸತೊಡಗುತ್ತದೆ. ಮೊಬೈಲು ಕೆಲವು ಕ್ಷಣಗಳಷ್ಟು ಸಂಗೀತವನ್ನು ಮುಂಚಿತವಾಗಿ ತುಂಬಿಟ್ಟುಕೊಳ್ಳುತ್ತದೆ. ಕಾವೇರಿ ನೀರು ನಿಂತರೂ ಮಹಡಿಯ ತೊಟ್ಟಿಯಿಂದ ನಲ್ಲಿ ಓಡುವಂತೆ, ವೈಫೈ ತುಸು ತಡವರಿಸಿದರೂ ಹಾಡು ನಿಲ್ಲದಿರುವುದು ಇದರಿಂದಲೇ.

ಮಾಡಬೇಕಾದದ್ದು ಇಷ್ಟು. ಹಾಡುಗಳನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟು, ತಂತ್ರಾಂಶಕ್ಕೆ ಆ ಫೋಲ್ಡರನ್ನು ತೋರಿಸಬೇಕು. ಅದು ಒಂದೊಂದನ್ನೂ ತಡಕಿ ತಾನೇ ಪಟ್ಟಿ ಮಾಡಿಕೊಳ್ಳುತ್ತದೆ. ರೂಟರ್ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯಾ ವಿಳಾಸ ಕೊಟ್ಟಿರುತ್ತದೆ. ಮನೆಗಳಲ್ಲಿ ಅದು ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ಆ ವಿಳಾಸವನ್ನೂ ಬಾಗಿಲಿನ ಸಂಖ್ಯೆಯನ್ನೂ (ನ್ಯಾವಿಡ್ರೋಮ್ ತಾನಾಗಿ ಆರಿಸಿಕೊಳ್ಳುವುದು 4533) ಮೊಬೈಲಿನ ಬ್ರೌಸರಿನಲ್ಲಿ ಬರೆದರೆ ಪಟ್ಟಿ ತೆರೆದುಕೊಳ್ಳುತ್ತದೆ. ನಿನ್ನೆ ನುಡಿದದ್ದು ಇಂದು ನುಡಿಯದಿದ್ದರೆ ಕಾರಣ ಹೆಚ್ಚಾಗಿ ಎರಡರಲ್ಲೊಂದು: ರೂಟರ್ ವಿಳಾಸ ಬದಲಾಯಿಸಿರುತ್ತದೆ, ಇಲ್ಲವೇ ಕಂಪ್ಯೂಟರ್ ನಿದ್ದೆಗೆ ಜಾರಿರುತ್ತದೆ. ಮೊದಲನೆಯದಕ್ಕೆ ರೂಟರಿನಲ್ಲಿ ವಿಳಾಸವನ್ನು ಕಾಯಂ ಮಾಡಬೇಕು, ಎರಡನೆಯದಕ್ಕೆ ನಿದ್ದೆಯ ಏರ್ಪಾಡನ್ನು ತೆಗೆಯಬೇಕು.

ಕರೆಂಟಿನ ಬಿಲ್ಲಿನ ಮಾತೂ ಇದೆ. 50 ವ್ಯಾಟ್ ಎಳೆಯುವ ಹಳೆಯ ಕಂಪ್ಯೂಟರ್ ಹಗಲಿರುಳು ಓಡಿದರೆ ದಿನಕ್ಕೆ 1.2 ಯೂನಿಟ್. ಅಂಗೈಯಗಲದ ರಾಸ್ಪ್‌ಬೆರಿ ಪೈನಂತಹ ಯಂತ್ರಕ್ಕೆ ಐದಾರು ವ್ಯಾಟ್ ಸಾಕು.

ಸುರುಳಿಯಿಂದ ಸಂಖ್ಯೆಗೆ

ಸರ್ವರ್ ಕಟ್ಟುವುದು ಒಂದು ಸಂಜೆಯ ಕೆಲಸ. ಕ್ಯಾಸೆಟ್ ಇಳಿಸುವುದು ತಿಂಗಳುಗಟ್ಟಲೆಯ ಕೆಲಸ. ಒಂದು ಗಂಟೆಯ ಕ್ಯಾಸೆಟ್ ಇಳಿಯಲು ಒಂದು ಗಂಟೆಯೇ ಬೇಕು. ದಿನಕ್ಕೊಂದರಂತೆ 300 ಕ್ಯಾಸೆಟ್ಟಿಗೆ ಹತ್ತು ತಿಂಗಳು.

ಪ್ಲೇಯರಿನಿಂದ ತಂತಿಯೊಂದನ್ನು ಕಂಪ್ಯೂಟರಿಗೆ ಜೋಡಿಸಿ, ‘ಅಡಾಸಿಟಿ’ಯಂತಹ ತಂತ್ರಾಂಶದಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಕಂಪ್ಯೂಟರ್ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ, ಸಿ.ಡಿ.ಯ ಅಳತೆಯೂ ಇದೇ. ಹೀಗೆ ಬರೆದ ಒಂದು ಗಂಟೆಯ ಸಂಗೀತ ಸುಮಾರು 600 ಮೆಗಾಬೈಟ್. ‘ಫ್ಲ್ಯಾಕ್’ ಎಂಬ ವಿಧಾನ ಇದನ್ನು ಒಂದಿಷ್ಟೂ ಕಳೆಯದೆ ಹೆಚ್ಚುಕಡಿಮೆ ಅರ್ಧಕ್ಕೆ ಮಡಿಸುತ್ತದೆ. ಎಂಪಿ3 ಇನ್ನೂ ಚಿಕ್ಕದು. ಆದರೆ ಕಿವಿಗೆ ತಿಳಿಯದೆಂದು ಅದು ಬಿಟ್ಟದ್ದು ಮತ್ತೆ ಬಾರದು. ಮೂಲಪ್ರತಿಗೆ ಫ್ಲ್ಯಾಕ್ ಒಳ್ಳೆಯದು. 300 ಕ್ಯಾಸೆಟ್ ಸೇರಿದರೂ 100 ಗಿಗಾಬೈಟ್ ಮೀರುವುದು ಅಪರೂಪ.

ಕೆಲವು ಎಚ್ಚರಗಳು ಬೇಕು. ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮೊದಲೇ ಮುರಿದುಬಿಟ್ಟರೆ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿ ಹಾಡು ಅಳಿಸುವ ಭಯವಿಲ್ಲ. ಧ್ವನಿಯ ಮಟ್ಟವನ್ನು ಆಲಾಪನೆ ಕೇಳಿ ನಿಗದಿ ಮಾಡಬಾರದು. ತನಿ ಆವರ್ತನದಲ್ಲಿ ಮೃದಂಗದ ಪೆಟ್ಟು ಒಡೆದ ಮಡಕೆಯಂತೆ ಕೇಳುತ್ತದೆ. ಶ್ರುತಿಯನ್ನೂ ಗಮನಿಸಬೇಕು. ಕಛೇರಿಯಲ್ಲಿ ಬ್ಯಾಟರಿ ಇಳಿದ ರೆಕಾರ್ಡರಿನಲ್ಲಿ ಟೇಪು ನಿಧಾನವಾಗಿ ಓಡಿದ್ದರೆ, ಈಗ ಸರಿಯಾದ ವೇಗದಲ್ಲಿ ಕೇಳುವಾಗ ಗಾಯಕರ ಶ್ರುತಿ ಏರಿರುತ್ತದೆ. ಇದನ್ನು ಹಿಡಿಯಲು ಯಂತ್ರಕ್ಕಿಂತ ಆ ಗಾಯಕರನ್ನು ಕೇಳಿದ ಕಿವಿಯೇ ಮೇಲು.

ರಾಗ ಬರೆಯಲು ಜಾಗವಿಲ್ಲ

ನಿಜವಾದ ತೊಡಕು ಇಲ್ಲಿಂದ ಆರಂಭ. ಸರ್ವರ್ ಪಟ್ಟಿ ಮಾಡುವುದು ಹಾಡಿನೊಳಗೆ ಅಡಗಿಸಿ ಬರೆದ ವಿವರಗಳನ್ನು ನೋಡಿ. ಆ ವಿವರಗಳ ಚೌಕಟ್ಟು ರೂಪುಗೊಂಡದ್ದು ಪಾಶ್ಚಾತ್ಯ ಜನಪ್ರಿಯ ಸಂಗೀತಕ್ಕಾಗಿ: ಕಲಾವಿದ, ಆಲ್ಬಂ, ಹಾಡಿನ ಹೆಸರು. ಕಛೇರಿಗೆ ಇದು ಸಾಲದು. ರಾಗ ಯಾವುದು, ತಾಳ ಯಾವುದು, ರಚನೆ ಯಾರದು, ಪಿಟೀಲಿಗೆ ಯಾರು, ಮೃದಂಗಕ್ಕೆ ಯಾರು, ಎಲ್ಲಿ, ಯಾವ ವರ್ಷ? ಪುರಂದರದಾಸರ ‘ಜಗದೋದ್ಧಾರನ’ವನ್ನು ಹತ್ತು ಗಾಯಕರು ಹಾಡಿದ್ದು ಮನೆಯಲ್ಲಿದ್ದರೆ ಹೆಸರೊಂದರಿಂದಲೇ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಇಂಗ್ಲಿಷಿನಲ್ಲಿ ಬರೆದರೆ ಒಬ್ಬೊಬ್ಬರ ಕಾಗುಣಿತ ಒಂದೊಂದು ಬಗೆ; ಯಂತ್ರ ಅವನ್ನು ಬೇರೆಬೇರೆ ಹಾಡುಗಳೆಂದೇ ಎಣಿಸುತ್ತದೆ.

ಪರಿಹಾರ ಕಷ್ಟದ್ದಲ್ಲ. ಹೆಸರುಗಳನ್ನು ಕನ್ನಡದಲ್ಲೇ ಒಂದೇ ರೀತಿ ಬರೆಯಬಹುದು. ಸಂಗೀತದ ಬಗೆಯನ್ನು ಬರೆಯುವ ಜಾಗದಲ್ಲಿ ರಾಗವನ್ನು ಬರೆದರೆ, ಕಾಪಿ ರಾಗದ ರಚನೆಗಳೆಲ್ಲ ಒಂದೆಡೆ ಸೇರುತ್ತವೆ. ಪಕ್ಕವಾದ್ಯ, ಸ್ಥಳ, ವರ್ಷಗಳಿಗೆ ಟಿಪ್ಪಣಿಯ ಜಾಗವಿದೆ. ರಾಗಂ ತಾನಂ ಪಲ್ಲವಿಯ ನಡುವೆ ಕ್ಯಾಸೆಟ್ ಮಗುಚಿದ್ದರೆ ಎರಡು ಬದಿಗಳನ್ನೂ ಒಂದೇ ಫೈಲಾಗಿ ಜೋಡಿಸಬಹುದು. ಮಗುಚುವಾಗ ತಪ್ಪಿಹೋದ ಕ್ಷಣಗಳು ಮಾತ್ರ ಹೋದವೇ.

ಆದರೆ ಬರೆಯಲು ವಿವರ ಗೊತ್ತಿರಬೇಕಲ್ಲ! ‘ಕೋಟೆ ಮೈದಾನ, ಎರಡನೆಯ ಭಾಗ’ ಎಂದಷ್ಟೇ ಗೀಚಿದ ಕಾಗದದಿಂದ ವರ್ಷ ತಿಳಿಯದು. ಅಂದು ಪಕ್ಕದಲ್ಲಿ ಕೂತು ಕೇಳಿದವರು ಹೇಳಬೇಕು. ಹಸೆಹಾಡು ಹೇಳಿದ್ದು ಅಜ್ಜಿಯೋ, ಅಜ್ಜಿಯ ತಂಗಿಯೋ ಎಂಬುದು ಮನೆಯ ಒಂದಿಬ್ಬರು ಹಿರಿಯರಿಗಷ್ಟೇ ಗೊತ್ತು. ಆದ್ದರಿಂದ ಕೆಲಸದ ಕ್ರಮ ತಿರುಗುಮುರುಗಾಗಬೇಕು. ತಂತ್ರಾಂಶಕ್ಕೆ ಅವಸರವಿಲ್ಲ, ಮುಂದಿನ ವರ್ಷವೂ ಸಿಗುತ್ತದೆ. ಮೊದಲು ಹಿರಿಯರ ಪಕ್ಕದಲ್ಲಿ ಕೂತು ಕೇಳಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳುವುದೇ ಜಾಣತನ.

ಹೊಸ್ತಿಲ ಒಳಗೆ

ಈ ಸಂಗೀತ ಮನೆಯ ಹೊಸ್ತಿಲೊಳಗೆ ಇರುವುದು ಎರಡು ಕಾರಣಗಳಿಗೆ ಲೇಸು. ಒಂದು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆ ಸ್ವಂತ ಬಳಕೆಗೆ ನ್ಯಾಯಯುತ ಅವಕಾಶ ಕೊಡುತ್ತದೆ. ಆದರೆ ಪ್ರಕಟಿತ ಧ್ವನಿಮುದ್ರಿಕೆಗೆ 60 ವರ್ಷಗಳ ಹಕ್ಕಿದೆ, ಕಛೇರಿ ಮಾಡಿದ ಕಲಾವಿದರಿಗೂ ತಮ್ಮ ಗಾಯನದ ಮೇಲೆ ಹಕ್ಕಿದೆ. ಊರಿಗೆಲ್ಲ ಹಂಚಿದರೆ ಅದು ಸ್ವಂತ ಬಳಕೆಯಾಗಿ ಉಳಿಯದು. ಇನ್ನೊಂದು ಭದ್ರತೆ. ರೂಟರಿನ ಬಾಗಿಲನ್ನು ಹೊರಗಿನ ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ಹಾಡು ಕೇಳುವವರಷ್ಟೇ ಬರುವುದಿಲ್ಲ.

ಒಂದೇ ಡಿಸ್ಕನ್ನು ನಂಬುವುದೂ ಸಲ್ಲದು. ಕ್ಯಾಸೆಟ್ ಕೆಡುವಾಗ ಸ್ವಲ್ಪಸ್ವಲ್ಪವಾಗಿ ಕೆಡುತ್ತದೆ. ಡಿಸ್ಕ್ ಕೆಟ್ಟರೆ ಎಲ್ಲವೂ ಒಮ್ಮೆಲೇ ಹೋಗುತ್ತದೆ. ಇನ್ನೊಂದು ಪ್ರತಿ ಮಾಡಿ ಅಕ್ಕನ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡುವುದು ಕ್ಷೇಮ.

ಎನ್.ಆರ್. ಕಾಲೋನಿಯಲ್ಲೇ ಇರುವ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನ ಹಳೆಯ ಹಸ್ತಪ್ರತಿಗಳನ್ನು ಕಾಪಾಡಿಕೊಂಡು ಬಂದಿದೆ. ಓಲೆಗರಿ ಸವೆಯುವ ಮುನ್ನ ಇನ್ನೊಂದು ಗರಿಗೆ ಇಳಿಸಿಕೊಂಡವರಿಂದಲೇ ಹಳಗನ್ನಡದ ಕಾವ್ಯಗಳು ಉಳಿದು ಬಂದವು. ಪ್ರತಿ ಮಾಡಿದವರು ಕೊನೆಯಲ್ಲಿ ತಮ್ಮ ಹೆಸರು, ಸಂವತ್ಸರ, ತಿಥಿ ಬರೆದಿಡುವುದೂ ಇತ್ತು. ಕೃತಿಯ ಕಾಲ ನಿರ್ಣಯಿಸುವವರಿಗೆ ಆ ಒಂದು ಸಾಲು ಎಷ್ಟೋ ಸಲ ದಾರಿ ತೋರಿಸಿದೆ. ಅಟ್ಟದ ಕ್ಯಾಸೆಟ್ಟಿಗೂ ಅಂತಹ ಒಂದು ಸಾಲು ಬೇಕು. ಅದನ್ನು ಹೇಳಬಲ್ಲವರು ಇನ್ನೂ ಮನೆಯಲ್ಲಿರುವಾಗಲೇ ಬರೆದಿಟ್ಟುಕೊಳ್ಳಬೇಕು.