ಮಾಳಿಗೆ ಮನೆಯಿಂದ ತಗಡಿನ ಶೆಡ್ಡಿಗೆ

ಕೊಪ್ಪಳ ತಾಲೂಕಿನ ಅಳವಂಡಿಯ ಸುತ್ತಮುತ್ತ ಹಳೆಯ ಮಾಳಿಗೆ ಮನೆಗಳನ್ನು ನೀವು ನೋಡಿರಬಹುದು. ದಪ್ಪ ಗೋಡೆ, ತೊಲೆ ಮತ್ತು ಜಂತಿಗಳ ಮೇಲೆ ಹರಡಿದ ಮಣ್ಣು, ಬೆಳಕಿಗೊಂದು ಗವಾಕ್ಷಿ. ಏಪ್ರಿಲ್ ತಿಂಗಳ ನಡುಹಗಲಲ್ಲಿ ಒಳಗೆ ಕಾಲಿಟ್ಟರೆ ತಂಪು. ಇಂತಹ ಊರುಗಳಿಂದ ಎಷ್ಟೋ ಕುಟುಂಬಗಳು ಕಟ್ಟಡ ಕೆಲಸ ಹುಡುಕಿ ಬೆಂಗಳೂರಿಗೆ ಹೋಗುತ್ತವೆ. ಅಲ್ಲಿ ಅವರ ವಾಸ ಹೆಚ್ಚಾಗಿ ತಗಡು, ತಾಡಪಾಲುಗಳ ಶೆಡ್ಡಿನಲ್ಲಿ. ಅದೇ ಬಿಸಿಲಿಗೆ ಅದು ಕಾದ ಹಂಚಿನಂತಾಗುತ್ತದೆ. ಏಕೆ ಹೀಗೆ?

ಒಂದು ಚಿಕ್ಕ ಲೆಕ್ಕ

ಒಂದು ಚದರ ಮೀಟರ್ ಚಾವಣಿಯನ್ನು ತೆಗೆದುಕೊಳ್ಳಿ. 0.5 ಮಿ.ಮೀ. ದಪ್ಪದ ಉಕ್ಕಿನ ತಗಡಾದರೆ ಅದರ ತೂಕ ಸುಮಾರು 4 ಕಿ.ಗ್ರಾಂ. ಅದರ ತಾಪ 1 ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 2 ಕಿಲೋಜೂಲ್ ಶಾಖ ಸಾಕು. 20 ಸೆಂ.ಮೀ. ದಪ್ಪದ ಮಣ್ಣಾದರೆ ತೂಕ ಸುಮಾರು 340 ಕಿ.ಗ್ರಾಂ, ಬೇಕಾಗುವ ಶಾಖ ಸುಮಾರು 290 ಕಿಲೋಜೂಲ್. ತಗಡಿನ 145 ಪಟ್ಟು!

ನಡುಹಗಲ ಬಿಸಿಲಿನಿಂದ ತಗಡು ಸೆಕೆಂಡಿಗೆ 450 ಜೂಲ್ ಹೀರಿಕೊಂಡಿತೆನ್ನಿ. ಹೊರಹೋಗುವ ಶಾಖವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಎರಡು ನಿಮಿಷ ಚಿಲ್ಲರೆಯಲ್ಲೇ ಅದರ ತಾಪ 30 ಡಿಗ್ರಿ ಏರುತ್ತದೆ. ಕಾದ ತಗಡು ಕೆಳಗಿರುವವರ ತಲೆಯ ಮೇಲೆ ಶಾಖವನ್ನು ವಿಕಿರಣಗೊಳಿಸುತ್ತದೆ. ಮಣ್ಣಿನಲ್ಲಾದರೋ ಶಾಖ ನಿಧಾನವಾಗಿ ಸಾಗುತ್ತದೆ. 20 ಸೆಂ.ಮೀ. ದಾಟಲು ಸುಮಾರು 6 ಗಂಟೆ. ಆ ವೇಳೆಗೆ ಹೊರಮೈಯ ತಾಪದ ಏರಿಳಿತದಲ್ಲಿ ಐದನೆಯ ಒಂದು ಭಾಗ ಮಾತ್ರ ಒಳಮೈಯಲ್ಲಿ ಉಳಿದಿರುತ್ತದೆ.

ಹಾಗಾದರೆ ನಗರದಲ್ಲೂ ಮಾಳಿಗೆ ಕಟ್ಟಬಾರದೇ?

ಅಷ್ಟು ಸುಲಭವಲ್ಲ. 3 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗದಲ್ಲಿ ನಾಲ್ಕೂ ಕಡೆ 45 ಸೆಂ.ಮೀ. ಗೋಡೆ ಎಬ್ಬಿಸಿದರೆ 9 ಚ.ಮೀ. ನಲ್ಲಿ ಒಳಗೆ ಉಳಿಯುವುದು ಸುಮಾರು 4.4 ಚ.ಮೀ. ಅರ್ಧಕ್ಕಿಂತ ಹೆಚ್ಚು ಜಾಗ ಗೋಡೆಯ ಪಾಲು! ಜೊತೆಗೆ ಮಳೆ ಹಿಡಿದು ನಿಂತರೆ ಮಣ್ಣು ನೆನೆದು ಗೋಡೆ, ಮಾಳಿಗೆ ಕುಸಿಯುವ ಅಪಾಯವೂ ಇದೆ.

ಇದಕ್ಕೊಂದು ನಡುದಾರಿ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿತು. ಇದನ್ನು ಸುಡಬೇಕಿಲ್ಲ, ಮಳೆಗೂ ಸುಲಭವಾಗಿ ಕರಗದು. 23 ಸೆಂ.ಮೀ. ಗೋಡೆ ಸಾಕಾಗುವುದರಿಂದ ಮೇಲಿನ ಜಾಗದಲ್ಲಿ ಸುಮಾರು 6.5 ಚ.ಮೀ. ವಾಸಕ್ಕೆ ದೊರೆಯುತ್ತದೆ.

ನೆಲದ ಪ್ರಶ್ನೆ

ಆದರೂ ಜನ ತಗಡನ್ನೇ ಏಕೆ ಆರಿಸುತ್ತಾರೆ? ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ 1991ರಲ್ಲಿ ಸುಮಾರು 41 ಲಕ್ಷವಿದ್ದದ್ದು 2011ರಲ್ಲಿ 85 ಲಕ್ಷ ಮುಟ್ಟಿತು. ನೆಲದ ಬೆಲೆಯೂ ಏರಿತು. ಬಾಡಿಗೆ ನೆಲದಲ್ಲಿರುವ ಕೂಲಿ ಕುಟುಂಬಕ್ಕೆ ನಾಳೆ ಎಬ್ಬಿಸಿದರೆ ಬಿಚ್ಚಿ ಒಯ್ಯಬಹುದಾದ ಮನೆಯೇ ಬೇಕು. ಗೋಡೆಯನ್ನು ಒಯ್ಯಲಾದೀತೇ? ವಿಶ್ವಸಂಸ್ಥೆಯು ಕೊಳೆಗೇರಿಯನ್ನು ಗುರುತಿಸುವಾಗ ನೀರು, ಶೌಚಾಲಯ, ಸಾಕಷ್ಟು ಸ್ಥಳ, ಗಟ್ಟಿಯಾದ ಮನೆ ಇವುಗಳೊಡನೆ ನೆಲೆಯ ಭದ್ರತೆಯನ್ನೂ ಪರಿಗಣಿಸುವುದು ಇದಕ್ಕಾಗಿಯೇ. ಕರ್ನಾಟಕದ 1973ರ ಕೊಳಚೆ ಪ್ರದೇಶಗಳ ಕಾಯ್ದೆಯಂತೆ ಪ್ರದೇಶವನ್ನು ಮೊದಲು ಘೋಷಿಸಬೇಕು. ವಲಸಿಗರ ಹೊಸ ಶೆಡ್ಡುಗಳು ಅನೇಕ ವೇಳೆ ಆ ಪಟ್ಟಿಯ ಹೊರಗೇ ಉಳಿಯುತ್ತವೆ.

ಇಂದೋರಿನ ಅರಣ್ಯ ಬಡಾವಣೆ ಬೇರೊಂದು ದಾರಿ ತೋರಿಸಿತು. 1980ರ ದಶಕದಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಇದನ್ನು ಸುಮಾರು 6500 ಮನೆಗಳಿಗಾಗಿ ರೂಪಿಸಿದರು. ಬಡ ಕುಟುಂಬಗಳಿಗೆ ಪೂರ್ಣ ಮನೆಯ ಬದಲು ನಿವೇಶನ, ತಳಪಾಯ, ಶೌಚಾಲಯ, ನೀರಿನ ವ್ಯವಸ್ಥೆ. ಉಳಿದದ್ದನ್ನು ಅವರೇ ದುಡಿಮೆ ಕೂಡಿಬಂದಂತೆ ಕಟ್ಟಿಕೊಂಡರು. ನೆಲ ತಮ್ಮದೆಂಬ ಧೈರ್ಯವಿದ್ದುದರಿಂದಲೇ ಗೋಡೆಗಳು ಎದ್ದವು.

ಮಾಡಿ ನೋಡಿ

ಮೂರು ಸಮಾನ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಒಂದಕ್ಕೆ ಬರಿಯ ತಗಡು, ಇನ್ನೊಂದಕ್ಕೆ ಸುಣ್ಣ ಬಳಿದ ತಗಡು, ಮತ್ತೊಂದಕ್ಕೆ 5 ಸೆಂ.ಮೀ. ಮಣ್ಣು ಹರಡಿದ ತಗಡು ಮುಚ್ಚಿ. ಮಣ್ಣಿನ ಭಾರಕ್ಕೆ ಕುಸಿಯದಂತೆ ಒಳಗೆ ಕಡ್ಡಿಗಳ ಆಸರೆ ಕೊಡಿ. ಉಷ್ಣಮಾಪಕಗಳು ತಗಡಿಗೆ ತಾಗದಂತೆ ತೂಗುಬಿಟ್ಟು, ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಅರ್ಧ ಗಂಟೆಗೊಮ್ಮೆ ತಾಪ ಬರೆದು ನಕ್ಷೆ ಎಳೆಯಿರಿ. ಯಾವ ಪೆಟ್ಟಿಗೆಯ ತಾಪ ಯಾವಾಗ ಗರಿಷ್ಠ ತಲುಪುತ್ತದೆ? ಬರಿಯ ಸುಣ್ಣದಿಂದ ಎಷ್ಟು ಡಿಗ್ರಿ ಇಳಿಯಿತು? ಅಷ್ಟೇ ಇಳಿಕೆಯೂ ಶೆಡ್ಡಿನಲ್ಲಿ ಕುಳಿತು ಓದುವ ಮಗುವಿಗೆ ದೊಡ್ಡದೇ.